ಒಂದು ಸಾಲೂ ಬಿಡದ ಓದಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೊಳಗೆ ಓದಕ್ಕ ಫ್ಯಾನ್ ಆರಿಸಿ, ಬಾಗಿಲು ಹಾಕಿ, ತುಟಿಯ ಮೇಲೆ ಬೆರಳಿಟ್ಟು ನನ್ನತ್ತ ನೋಡುತ್ತಾರೆ. ಉಸಿರನ್ನೂ ಜೋರಾಗಿ ಬಿಡಬೇಡಿ ಎಂದು ಅರ್ಥ. ದನಿ ಗುಂಯ್‌ಗುಡದಿರಲೆಂದು ಗೋಡೆಗಳಿಗೆಲ್ಲ ಹಳೆಯ ಕಂಬಳಿ ತೂಗುಹಾಕಿದ್ದಾರೆ. ಹೊರಗೆ ನೀರಿನ ಪಂಪ್ ನಿಲ್ಲುವವರೆಗೆ ಕಾಯುತ್ತಾರೆ. ನಿಂತಿತು. ಒಂದು ಗುಟುಕು ಬಿಸಿನೀರು ಕುಡಿದು ರೆಕಾರ್ಡರಿನ ಗುಂಡಿ ಒತ್ತುತ್ತಾರೆ.

"ಇಲ್ಲೊಂದು ಚಿತ್ರ ಇದೆ. ಗೆರೆ ಎಡಗಡೆಯಿಂದ ಮೇಲೇರುತ್ತೆ, ನಡುವೆ ಸ್ವಲ್ಪ ತಗ್ಗುತ್ತೆ, ಆಮೇಲೆ ಏರ್ತಾ ಏರ್ತಾ ಪುಟದ ತುದಿ ಮುಟ್ಟುತ್ತೆ."

ಅರ್ಥಶಾಸ್ತ್ರದ ಪಾಠ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಗೆರೆ ನಿಜಕ್ಕೂ ಮೇಲೇರುತ್ತದೆ, ಮೈ ಜುಮ್ಮೆನ್ನುತ್ತದೆ. ಇಲ್ಲಿನ ಕಣ್ಣು ಕಾಣದ ವಿದ್ಯಾರ್ಥಿಗಳು ಈ ದನಿಯನ್ನು ಕೇಳಿಯೇ ಓದುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಓದಕ್ಕ ಎಂದು ಹೆಸರಿಟ್ಟವರೂ ಅವರೇ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಮಾತ್ರ ಆಕೆ ಕಸ ಗುಡಿಸುವ ಸಿಬ್ಬಂದಿ. ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು ಪೊರಕೆ ಹಿಡಿಯುತ್ತಾರೆ.

ಈ ಕೆಲಸಕ್ಕೆ ತೆರಬೇಕಾದ ಬೆಲೆ ಗಂಟಲು. ಸಂಜೆಯಾಗುವಷ್ಟರಲ್ಲಿ ದನಿ ಕಟ್ಟಿರುತ್ತದೆ. ಟೈಲರ್ ಆಗಿರುವ ಗಂಡನಿಗೆ ಅದೇ ತಕರಾರು. "ಊರಿಗೆಲ್ಲ ಓದಿ ಹೇಳ್ತಾಳೆ, ನನಗೆ ಮಾತ್ರ ಕೈಸನ್ನೆ. ಜಗಳ ಆಡೋಣ ಅಂದ್ರೂ ನಾನೊಬ್ಬನೇ ಆಡ್ಬೇಕು!"

ಹೀಗೆ ಓದಿ ಹೇಳಲು ಕಲಿಸಿದ್ದು ಯಾರು ಎಂದರೆ ಓದಕ್ಕ ನಗುತ್ತಾರೆ. "ನಮ್ಮತ್ತೆ. ಕಣ್ಣು ಹೋಗಿತ್ತು, ಬಾಯಿ ಹೋಗಿರ್ಲಿಲ್ಲ. ದಿನಾ ಪೇಪರ್ ಓದಿಸ್ಕೊಳ್ಳೋರು. ನಾನೋ, ಸತ್ತವರ ಸುದ್ದಿ ಬಂದ್ರೆ ಹಾರಿಸ್ಬಿಡ್ತಿದ್ದೆ, ಪಾಪ ನೊಂದ್ಕೋತಾರೆ ಅಂತ. ಒಂದಿನ ಅವರ ಗೆಳತೀನೇ ಹೋಗಿದ್ರು. ನಾನು ಓದಲಿಲ್ಲ. ಕೊನೇ ಸಲ ಮುಖ ಮುಟ್ಟಿ ನೋಡೋಕೂ ಅತ್ತೆಗೆ ಆಗ್ಲಿಲ್ಲ." ಬಿಸಿನೀರಿನ ಲೋಟ ಪಕ್ಕಕ್ಕಿಟ್ಟು ಮುಂದುವರಿಸುತ್ತಾರೆ. "ಆಮೇಲೆ ಗೊತ್ತಾದಾಗ ಅವರು ಬೈಯಲೂ ಇಲ್ಲ. 'ನನಗೇನು ಗೊತ್ತಾಗ್ಬೇಕು ಅಂತ ನೀನು ತೀರ್ಮಾನ ಮಾಡ್ಬೇಡಮ್ಮ' ಅಂದ್ರು, ಅಷ್ಟೇ."

ಕಳೆದ ತಿಂಗಳು ವಿಶ್ವವಿದ್ಯಾಲಯ ತನ್ನ ಧ್ಯೇಯ, ಮೌಲ್ಯ, ಮುನ್ನೋಟಗಳ ಕರಡು ಹೊರತಂದಿತು. ಇಂಥ ಪುಸ್ತಿಕೆಗಳನ್ನು ಕಂಡರೆ ನನಗೆ ಆಕಳಿಕೆ ಬರುತ್ತದೆ, ಮುಚ್ಚುಮರೆ ಯಾಕೆ. ವಿದ್ಯಾರ್ಥಿಗಳೆಲ್ಲ ಓದಿ ಅಭಿಪ್ರಾಯ ತಿಳಿಸಬೇಕಿತ್ತು. ಕಣ್ಣು ಕಾಣದವರಿಗಾಗಿ ಅದನ್ನು ಓದಿ ಧ್ವನಿಮುದ್ರಿಸಲು ಓದಕ್ಕನ ಕೈಗೆ ಕೊಟ್ಟರು. ಜ್ಞಾನ ಎಲ್ಲರ ಸೊತ್ತು, ಯಾರನ್ನೂ ಹಿಂದೆ ಬಿಡುವುದಿಲ್ಲ ಎಂಬ ದೊಡ್ಡ ಮಾತುಗಳನ್ನೆಲ್ಲ ಓದಿ ಮುಗಿಸಿ ಆಕೆ ಕೊನೆಯ ಪುಟಗಳಿಗೆ ಬಂದರು. ಮೆಟ್ಟಿಲ ಕೆಳಗಿನ ಓದುಕೋಣೆಯನ್ನು ಮುಚ್ಚಿ, ಮುಂದಿನ ವರ್ಷದಿಂದ ಯಂತ್ರದ ಮೂಲಕ ಓದಿಸಲಾಗುವುದು ಎಂದು ಅಲ್ಲಿತ್ತು. ಆಕೆಗೆ ಯಾರೂ ಮೊದಲೇ ಹೇಳಿರಲಿಲ್ಲ. ಗೊತ್ತಾದದ್ದೇ ಆಗ, ರೆಕಾರ್ಡರ್ ಓಡುತ್ತಿರುವಾಗ, ತನ್ನದೇ ದನಿಯಲ್ಲಿ.

ಆ ಧ್ವನಿಮುದ್ರಣವನ್ನು ನಾನು ಕೇಳಿದ್ದೇನೆ. ದನಿ ನಡುಗಿಲ್ಲ. ಮುಂದಿನ ಸಾಲು ಹೂದೋಟದ ನೀರಿನ ಬಗ್ಗೆ, ಅದನ್ನೂ ಅಷ್ಟೇ ಚೆನ್ನಾಗಿ ಓದಿದ್ದಾರೆ. ನನ್ನಿಂದಂತೂ ಆಗುತ್ತಿರಲಿಲ್ಲ.

ಕಾನೂನು ಓದುತ್ತಿರುವ, ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಹೇಳುತ್ತಾಳೆ: "ಮೊದಲ ಸಲ ನನಗೆ ಹೊಳೀಲೇ ಇಲ್ಲ. ಎರಡನೇ ಸಲ ಕೇಳಿದಾಗ ಅಯ್ಯೋ, ಇದು ನಮ್ಮ ಅಕ್ಕನ ಕೋಣೆ ಅಲ್ವಾ ಅನ್ನಿಸ್ತು. ಹಾಕಿದ್ದ ಇಯರ್‌ಫೋನ್ ಕಿತ್ತೆಸೆದು ಅತ್ತುಬಿಟ್ಟೆ." ಆಮೇಲೆ ಅವಳೂ ಗೆಳೆಯರೂ ಸೇರಿ ಉತ್ತರ ಕಳಿಸಿದ್ದಾರೆ: ಯಂತ್ರ ಬರಲಿ, ಅಕ್ಕನೂ ಇರಲಿ, ಚಿತ್ರಗಳನ್ನು ಅಕ್ಕನಂತೆ ಹೇಳುವ ಯಂತ್ರ ತಮಗಿನ್ನೂ ಸಿಕ್ಕಿಲ್ಲ ಎಂದು. ತೀರ್ಮಾನ ಇನ್ನೂ ಆಗಿಲ್ಲ.

ಕೋಣೆ ಮುಚ್ಚುವ ಆ ಸಾಲನ್ನು ಹಾರಿಸಬೇಕು ಅನ್ನಿಸಲಿಲ್ಲವೇ ಎಂದು ಕೇಳುತ್ತೇನೆ. ಓದಕ್ಕ ಪೊರಕೆ ತೆಗೆದುಕೊಳ್ಳಲು ಎದ್ದವರು ಮತ್ತೆ ಕೂರುತ್ತಾರೆ.

"ಅನ್ನಿಸ್ತು. ಯಾಕನ್ನಿಸಲ್ಲ? ಕೋಣೆ ಉಳಿದ್ರೆ ನನಗಿಂತ ಖುಷಿಪಡೋರು ಯಾರೂ ಇಲ್ಲ. ಹೋದ್ರೆ ಅಳ್ತೀನಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದೊಂದು ಸಾಲು ಬಿಟ್ಟಿದ್ರೆ, ನಾಳೆಯಿಂದ ನಾನು ಓದೋದನ್ನ ಆ ಮಕ್ಕಳು ಏನಂತ ನಂಬಬೇಕು, ಹೇಳಿ?"