ಸ್ಟಿಕ್ಕರ್ ಕೆಳಗಿನ ಬಿರುಕು

ಕೋವಿಡ್ಡಿನ ಎರಡನೇ ವರ್ಷ. ಜಪಾನಿನ ನೋಮಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕ್ಯಾಂಪಸ್ಸು ಗುಡ್ಡದ ಮೇಲೆ. ಬಸ್ಸು ಹತ್ತಲು ಭಯ. ರೋಡ್ ಬೈಕ್ ಎನ್ನುವ ಹಗುರ ಸೈಕಲ್ ಕೊಳ್ಳಲೆಂದು ಸ್ಕಾಲರ್‌ಶಿಪ್ಪಿನಲ್ಲಿ ಐವತ್ತು ಸಾವಿರ ಯೆನ್ ಉಳಿಸಿದ್ದೆ. ಅಷ್ಟಕ್ಕೆ ಹೊಸದು ಸಿಗುತ್ತಿರಲಿಲ್ಲ. ಅಂಗಡಿಗಳಿಗೆ ಮಾಲೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಲ್ಯಾಬಿನ ಸೀನಿಯರ್ ಊರಿಗೆ ಹೊರಟು ನಿಂತರು. ಮೈಸೂರಿನವರು, ನಾನು ಬಂದ ದಿನವೇ ಮನೆಯ ಸಾರಿನಪುಡಿ ಕೊಟ್ಟವರು. "ನನ್ನ ಕಾರ್ಬನ್ ಬೈಕ್ ತಗೋ. ಐವತ್ತಕ್ಕೇ ಕೊಡ್ತೀನಿ" ಅಂದರು.

"ಯಾವಾಗಾದ್ರೂ ಬಿದ್ದಿದ್ರಾ?"

"ಇಲ್ಲಮ್ಮ."

ದುಡ್ಡು ಕೊಡುವ ಮೊದಲು ಸೀಟು ಇಳಿಸೋಣವೆಂದು ಕೆಳಗಿನ ಸೈಕಲ್ ಅಂಗಡಿಗೆ ಹೊರಟೆ. ಇಳಿಜಾರಿನಲ್ಲಿ ಲಾರಿಗಳ ಪಕ್ಕದಲ್ಲೇ ಜುಮ್ಮೆಂದು ಇಳಿದೆ. ಖುಷಿಯೋ ಖುಷಿ.

ಅಂಗಡಿಯ ಮುದುಕರು ಸೀಟು ಮುಟ್ಟಲಿಲ್ಲ. ಒಂದು ನಾಣ್ಯ ತೆಗೆದು ಫ್ರೇಮಿನ ಉದ್ದಕ್ಕೂ ಬಡಿಯುತ್ತಾ ಬಂದರು. ಟಣ್, ಟಣ್. ಹ್ಯಾಂಡಲ್ಲಿನ ಹತ್ತಿರ ಕಪ್ಪು ಸ್ಟಿಕ್ಕರೊಂದಿತ್ತು. ಅಲ್ಲಿ ಸದ್ದು ದಪ್ಪೆಂದು ಸತ್ತುಹೋಯಿತು. "ಸುಮಿಮಾಸೆನ್", ಕ್ಷಮಿಸಿ, ಎಂದು ನನ್ನ ಒಪ್ಪಿಗೆ ಪಡೆದು ಸ್ಟಿಕ್ಕರ್ ಸುಲಿದರು. ಕೂದಲೆಳೆಯಂಥ ಬಿರುಕು, ಅರ್ಧ ಕೊಳವೆ ಸುತ್ತಿತ್ತು.

"ದಾಮೆ", ಆಗದು, ಎಂದು ಎರಡೂ ಕೈ ಕತ್ತರಿಯಂತೆ ಅಡ್ಡ ಹಿಡಿದರು. ಓಡಿಸಲೇಬಾರದು, ಬಿರುಕು ಬಿಟ್ಟ ಕಾರ್ಬನ್ ಯಾವಾಗ ಬೇಕಾದರೂ ಮುರಿಯುತ್ತದಂತೆ. ಈಗಷ್ಟೇ ಇದರ ಮೇಲೆ ಇಳಿದು ಬಂದಿದ್ದೆನಲ್ಲ.

ತಳ್ಳಿಕೊಂಡೇ ಗುಡ್ಡ ಹತ್ತಿದೆ. ಸೀನಿಯರ್ ಹಾಸ್ಟೆಲ್ ಮುಂದೆ ಪೆಟ್ಟಿಗೆ ಕಟ್ಟುತ್ತಿದ್ದರು. ಬಿರುಕು ನೋಡಿ ಕೈ ನಿಂತಿತು.

"ಸ್ಟಿಕ್ಕರ್ ನೀವೇ ಅಂಟಿಸಿದ್ದಾ?"

ಅವರು ಬಿರುಕಿನ ಮೇಲೆ ಬೆರಳಾಡಿಸಿದರು.

"ಬ್ರೇಕ್ ಹಿಡಿದಾಗ ಮುರಿದಿದ್ರೆ? ಲಾರಿ ಪಕ್ಕದಲ್ಲೇ ಇತ್ತು."

ಅವರು ಪೆಟ್ಟಿಗೆಯ ಮೇಲೆ ಕುಳಿತರು. "ಬೇಸಿಗೇಲಿ ಬಿದ್ದಿದ್ದೆ. ಆಮೇಲೂ ನಾನೇ ಓಡಿಸ್ದೆ, ಏನೂ ಆಗ್ಲಿಲ್ಲ. ಬೇರೆಯವರಾದ್ರೆ ಚೆಕ್ ಮಾಡಿ ತಗೋತಾರೆ. ನೀನು ನಂಬ್ತೀಯ ಅಂತ..."

"ಇನ್ಯಾರಿಗೂ ಮಾರಬೇಡಿ" ಎಂದಷ್ಟೇ ಹೇಳಿ ಬೈಕ್ ಅಲ್ಲೇ ಬಿಟ್ಟು ನಡೆದೆ.

ವಾರದ ನಂತರ ಅದೇ ಅಂಗಡಿಗೆ ಹೋದೆ. ಹಳೆಯದೊಂದು ಅಲ್ಯೂಮಿನಿಯಂ ಬೈಕನ್ನು ಮುದುಕರು ನನ್ನ ಎತ್ತರಕ್ಕೆ ಸರಿಮಾಡಿ ಇಟ್ಟಿದ್ದರು. ಭಾರವಾಗಿತ್ತು, ಬಣ್ಣ ಹೋಗಿತ್ತು. ಫ್ರೇಮು ಮಾತ್ರ ಗಟ್ಟಿ. ನನ್ನ ಕೈಗೇ ನಾಣ್ಯ ಕೊಟ್ಟು ಬಡಿದು ನೋಡಲು ಹೇಳಿದರು. ಮೂಲೆಯಲ್ಲಿ ಆ ಕಾರ್ಬನ್ ಫ್ರೇಮು ಎರಡು ತುಂಡಾಗಿ ಬಿದ್ದಿತ್ತು. ಸೀನಿಯರೇ ತಂದು, ಗರಗಸದಿಂದ ಕೊಯ್ಯಿಸಿ ಹೋದರಂತೆ.

ಅವರು ಹೊರಟ ದಿನ ಬಸ್‌ಸ್ಟಾಪಿಗೆ ಹೋದೆ. ಮನೆಯವರ ಆರೋಗ್ಯ, ಕ್ವಾರಂಟೈನು ಅಂತೆಲ್ಲ ಮಾತಾಡಿದೆವು. ಬೈಕಿನ ವಿಷಯ ಇಬ್ಬರೂ ಎತ್ತಲಿಲ್ಲ.