ಕಡಲಹಕ್ಕಿಗೆ ನೀರೆರೆಯುವ ತ್ರಿಪುರಸುಂದರಿ

ಬಿಳಿಯ ತೊಟ್ಟಿ. ಅದರ ತುಂಬ ಅಲುಗದ ನೀರು. ನೀರಿನ ನಡುವೆ ಒಂದು ಹಕ್ಕಿ: ಕಪ್ಪು ಬೆನ್ನು, ಬಿಳಿ ಹೊಟ್ಟೆ, ದಪ್ಪ ಕೊಕ್ಕಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಎಳೆದಂಥ ಒಂದು ಗೆರೆ. ಕಿಟಕಿಯಿಂದಿಳಿದ ಜನವರಿಯ ನಸುಬೆಳಕು ಅದರ ಬೆನ್ನ ಮೇಲೆ ಕುಳಿತಿದೆ. ತೊಟ್ಟಿಯ ಅಂಚಿನಲ್ಲಿ, ಸ್ವೆಟರಿನ ತೋಳು ಮಡಚಿದ ಎರಡು ಕೈಗಳು ಕಾಯುತ್ತಿವೆ.

ಮೈಸೂರಿನ ತ್ರಿಪುರಸುಂದರಿ ನ್ಯೂಜೆರ್ಸಿಯ ಕಡಲಂಚಿನ ಈ ಪುಟ್ಟ ಹಕ್ಕಿ ಆರೈಕೆ ಕೇಂದ್ರಕ್ಕೆ ಸೇರಿದ್ದು 1972ರಲ್ಲಿ. ಇದು ಅವರ ಐದನೆಯ ಚಳಿಗಾಲ. ದೂರದ ಉತ್ತರದ ಕಡಿದಾದ ಕಡಲಬಂಡೆಗಳಲ್ಲಿ ಮೊಟ್ಟೆಯಿಟ್ಟು, ಚಳಿಗೆ ದಕ್ಷಿಣಕ್ಕಿಳಿಯುವ ರೇಜರ್‌ಬಿಲ್ ಹಕ್ಕಿಗಳು ಹಡಗುಗಳು ಚೆಲ್ಲಿದ ಎಣ್ಣೆ ಮೆತ್ತಿಕೊಂಡು ಇಲ್ಲಿ ದಡ ಸೇರುತ್ತವೆ. ಸೋಪಿನ ನೀರಿನಲ್ಲಿ ಆ ಎಣ್ಣೆ ಬಿಡಿಸುವುದು ಅವರ ಕೆಲಸ.

ಇಂದು ಈ ಹಕ್ಕಿಗೆ ಪರೀಕ್ಷೆ. ತೊಟ್ಟಿಯಲ್ಲಿ ತೇಲಿದ ಮೇಲೂ ಗರಿಯ ಬುಡ ಒಣಗಿಯೇ ಉಳಿದರೆ ಕಡಲಿಗೆ ಬಿಡುಗಡೆ. ನೀರು ಒಳಹೊಕ್ಕರೆ ಮತ್ತೆ ತೊಳೆಯಬೇಕು. ಸೊರಗಿದ ಈ ಮೈ ಅದನ್ನು ತಾಳಲಾರದು.

ಮೊದಲ ವರ್ಷದ ಒಂದು ಹಕ್ಕಿಯನ್ನು ಅವರು ಮರೆತಿಲ್ಲ. "ಒಣಗಿಸಿದ್ಮೇಲೆ ಗರಿ ಒರಟಾಗಿ ಕಾಣ್ತು. ನಮ್ಮಮ್ಮ ಶುಕ್ರವಾರ ನೀರೆರೆದು, ತಲೆ ಆರಿಸಿ, ನೆತ್ತಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಇಡ್ತಿದ್ರು. ನಾನೂ ಹಾಗೇ ಎರಡು ಬೆರಳು ಸವರಿದೆ, ಪ್ರೀತಿಗೆ. ಯಾವ ಎಣ್ಣೆ ತಾಗಿದ್ರೂ ಗರಿ ನೀರು ತಡೆಯಲ್ಲ ಅಂತ ಹೊಳೀಲೇ ಇಲ್ಲ. ತೊಟ್ಟಿಗೆ ಬಿಟ್ರೆ ಮೈಯೆಲ್ಲ ತೊಯ್ದು ಕಂತಿಹೋಯ್ತು. ಎತ್ಕೊಂಡೆ. ಉಳೀಲಿಲ್ಲ."

ಅಂದಿನಿಂದ ಕೆಲಸದ ದಿನ ಅವರ ತಲೆಗೂ ಎಣ್ಣೆಯಿಲ್ಲ. "ಅಮ್ಮ ನೋಡಿದ್ರೆ, ಇದೇನೇ ಕೆದರಿದ ತಲೆ ಅಂತಿದ್ರು," ಎಂದು ನಗುತ್ತಾರೆ. ಬಚ್ಚಲ ಒಲೆಯ ಹೊಗೆ, ಸೀಗೆಯ ಘಮ, ಕಣ್ಣಿಗಿಳಿದ ಉರಿ ಎಲ್ಲವೂ ಆ ನಗೆಯೊಳಗೆ ಹಾದುಹೋಗುತ್ತವೆ.

ಪತಿ ಕೇಶವಮೂರ್ತಿ ರಟ್ಟಿನ ಪೆಟ್ಟಿಗೆ ಹಿಡಿದು ಬರುತ್ತಾರೆ. "ಏನೇ, ನಿನ್ನ ಬಾಣಂತಿಗೆ ನೀರಾಯ್ತಾ?"

"ಮೊದಲು ಕಾರಿನ ಹೀಟರ್ ಆಫ್ ಮಾಡಿ ಬನ್ನಿ. ಅದೇನು ನಿಮ್ಮ ಹಾಗೆ ಚಳಿಗೆ ನಡುಗೋ ಪ್ರಾಣಿ ಅಲ್ಲ."

ತ್ರಿಪುರಸುಂದರಿ ಹಕ್ಕಿಯನ್ನು ಟವಲಿನಲ್ಲಿ ಎತ್ತಿ, ಹೊಟ್ಟೆಯ ಗರಿಗಳನ್ನು ಮೆಲ್ಲನೆ ಊದಿ ಬಿಡಿಸುತ್ತಾರೆ. ಇನ್ನೊಮ್ಮೆ ಊದುತ್ತಾರೆ. ಒಳಗಿನ ಬಿಳಿಯ ತುಪ್ಪುಳು ಹತ್ತಿಯಂತೆ ಒಣಗಿದೆ.

"ಬೀಚಿಗೆ ನೀನೂ ಬಾರೇ," ಎನ್ನುತ್ತಾರೆ ಹೀಟರ್ ಆರಿಸಿ ಬಂದ ಕೇಶವಮೂರ್ತಿ.

"ಬೇಡ. ಬಿಡೋ ಹೊತ್ತಿಗೆ ಕೈ ತಾನಾಗೇ ನೆತ್ತಿ ಸವರೋಕೆ ಹೋಗತ್ತೆ. ನೀವೇ ಬಿಡಿ. ಅದಕ್ಕೆ ಈ ಕೈ ನೆನಪಿರದಿದ್ರೆ ಸಾಕು ನನಗೆ."

ಹಕ್ಕಿಯಿರುವ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೇಶವಮೂರ್ತಿ ಹೊರಡುತ್ತಾರೆ. ತ್ರಿಪುರಸುಂದರಿ ಒದ್ದೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಾರೆ. ಗಂಡನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.