ಹೆದ್ದಾರಿ ನೋಡಿ ಆರಿಸಿದ ವಿಷಯ

ಪತ್ರಿಕೋದ್ಯಮ ಪದವಿಯ ಎರಡನೆಯ ವರ್ಷಕ್ಕೆ ಯಾವ ಐಚ್ಛಿಕ ವಿಷಯ ತೆಗೆದುಕೊಳ್ಳಬೇಕೆಂದು ನಮ್ಮ ತರಗತಿಯವರೆಲ್ಲ ವಾರಗಟ್ಟಲೆ ಚರ್ಚೆ ಮಾಡಿದರು. ಕ್ಯಾಂಟೀನಿನಲ್ಲಿ ಮಾಡಿದರು, ಮೆಟ್ಟಿಲ ಮೇಲೆ ಕೂತು ಮಾಡಿದರು, ವಾಟ್ಸಾಪಿನಲ್ಲಂತೂ ಅದಕ್ಕೆ ಕೊನೆಯೇ ಇರಲಿಲ್ಲ. ನಾನು ಯಾರ ಜೊತೆಗೂ ಮಾಡಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ಕೇಳಿದರೆ ಮತ್ತೆ ಮರಾಠಿಯಲ್ಲಿ ಉತ್ತರ ಕೊಡಬೇಕಲ್ಲ ಎಂದು ನಾನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಪುಣೆಗೆ ಬಂದು ವರ್ಷವಾಗಿತ್ತು. ಶಿವಾಜಿನಗರದ ಹಾಸ್ಟೆಲ್ಲು, ಕಾಲೇಜು, ಮತ್ತೆ ಹಾಸ್ಟೆಲ್ಲು. ಗಡಿ ಕಡೆಯವರಿಗೆ ಮರಾಠಿ ಹೊಸತೇನಲ್ಲ, ನನಗೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬೆಳಗಿನಿಂದ ಅದನ್ನೇ ಆಡಿ ಆಡಿ ಸಂಜೆಗೆ ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತಿತ್ತು. ಯಾರೂ ಮಾತಾಡಿಸದೆ ಹೋದಾಗ ಅಳು ಬರುತ್ತಿತ್ತು. ಬಾಯಿ ತುಂಬ ಕನ್ನಡ ಆಡಬೇಕೆಂದರೆ ಅವ್ವನ ಫೋನೇ ಗತಿ. ಹಾಸ್ಟೆಲ್ಲಿನ ಎದುರಿಗೆ ಕರಾವಳಿಯವರದೊಂದು ಹೋಟೆಲಿತ್ತು, ಇಲ್ಲವೆನ್ನುವುದಿಲ್ಲ. ಅವರು ತಮ್ಮತಮ್ಮೊಳಗೆ ತುಳು ಆಡುತ್ತಿದ್ದರು, ಗಿರಾಕಿಗಳ ಹತ್ತಿರ ಹಿಂದಿ. ಒಮ್ಮೆ ಧೈರ್ಯ ಮಾಡಿ ಕನ್ನಡದಲ್ಲಿ ಇಡ್ಲಿ ಕೇಳಿದೆ. ಗಲ್ಲೆಯ ಮೇಲಿದ್ದವರು ತಲೆ ಎತ್ತಿ ನೋಡಿ, ಹಿಂದಿಯಲ್ಲಿ ಚಿಲ್ಲರೆ ಇದೆಯೇ ಎಂದು ಕೇಳಿದರು.

ಆರಿಸಬೇಕಾದ ವಿಷಯಗಳಲ್ಲಿ ಕ್ಯಾಮೆರಾ ಇತ್ತು, ರೇಡಿಯೋ ಇತ್ತು, ಜಾಹೀರಾತು ಇತ್ತು. ಎಲ್ಲಕ್ಕಿಂತ ಕೆಳಗೆ ಗ್ರಾಮೀಣ ವರದಿಗಾರಿಕೆ. ಅದನ್ನು ತೆಗೆದುಕೊಂಡವರು ಒಂದು ತಿಂಗಳು ತಾಲೂಕು ಊರೊಂದರಲ್ಲಿದ್ದು ವರದಿ ಬರೆಯಬೇಕು. ಭೋರ್ ಆಗಬಹುದು, ಇಂದಾಪುರ ಆಗಬಹುದು.

ಇಂದಾಪುರದ ಹೆಸರು ಓದಿದ್ದೇ ತಡ, ನನ್ನ ಬೆರಳು ಅಲ್ಲೇ ನಿಂತಿತು. ಅದು ಸೊಲ್ಲಾಪುರದ ಹೆದ್ದಾರಿಯ ಮೇಲಿನ ಊರು. ವಿಜಯಪುರದ ಬಸ್ಸು ಅಲ್ಲಿ ಚಹಾಕ್ಕೆ ನಿಲ್ಲುತ್ತದೆ. ನೆತ್ತಿಯ ಮೇಲೆ ಕನ್ನಡ ಬೋರ್ಡು, ಒಳಗಿನಿಂದ ಇಳಿಯುವ ಕಂಡಕ್ಟರು ನಮ್ಮ ಕಡೆಯವರು. ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋದರೂ ಅದೇ ಬಸ್ಸು ಸಿಗುತ್ತದೆಂದು ಗೊತ್ತಿತ್ತು. ಆದರೆ ಅಲ್ಲಿಗೆ ಹೋದರೆ ಹತ್ತಿ ಕೂತೇ ಬಿಡುತ್ತೇನೆ, ಹತ್ತಿದ ಮೇಲೆ ಕಾಲೇಜಿನ ಮುಖ ನೋಡುವವಳಲ್ಲ ಎಂಬ ಅಂಜಿಕೆ. ಇಂದಾಪುರದಲ್ಲಾದರೆ ಬರೆಯುವ ಕೆಲಸ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ದಿನಾ ಸಂಜೆ ಸ್ಟ್ಯಾಂಡಿಗೆ ಹೋಗಿ ನಮ್ಮವರ ಜೊತೆ ನಾಲ್ಕು ಮಾತಾಡಿ ಬಂದರೆ, ಉಳಿದ ವರ್ಷಗಳನ್ನು ಹೇಗೋ ತಳ್ಳಬಹುದು. ನನ್ನ ವಿದ್ಯಾಭ್ಯಾಸದ ಯೋಜನೆ ಅಂದರೆ ಇಷ್ಟೇ.

ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಭೋರ್‌ನವಳು. ಅವಳೂ ಅದೇ ವಿಷಯ ಆರಿಸಿದ್ದಳು. "ನಮ್ಮ ಊರಿಗೇ ಬಾ, ನಮ್ಮ ಮನೆಯಲ್ಲೇ ಇರು, ಆಯಿ ಚೆನ್ನಾಗಿ ಅಡುಗೆ ಮಾಡ್ತಾಳೆ" ಎಂದು ಮರಾಠಿಯಲ್ಲಿ ಕರೆದಳು. ಪುಣೆಗೆ ಬಂದಮೇಲೆ ಒಬ್ಬರು ನನಗೆ 'ಬಾ' ಅಂದದ್ದು ಅದೇ ಮೊದಲು. ನಾನು, ನನಗೆ ಕಬ್ಬಿನ ವಿಷಯದಲ್ಲಿ ಆಸಕ್ತಿ, ಇಂದಾಪುರವೇ ಬೇಕು ಎಂದೆ.

"ಕಬ್ಬು?" ಎಂದಳು.

"ಕಬ್ಬು" ಎಂದೆ.

ಮುಖ ಸಣ್ಣದು ಮಾಡಿಕೊಂಡಳು. ಮಾರನೆಯ ದಿನದಿಂದ ಭೋರ್‌ಗೆ ಹೋಗುವ ಉಳಿದವರ ಜೊತೆ ಕೂರತೊಡಗಿದಳು.

ಆಯ್ಕೆ ಪಕ್ಕಾ ಆಗುವ ಮುಂಚೆ ಒಬ್ಬೊಬ್ಬರೇ ಪ್ರಾಧ್ಯಾಪಕಿಯ ಎದುರು ಕೂತು ಕಾರಣ ಹೇಳಬೇಕಿತ್ತು. ನಾನು ಕಬ್ಬು ಕಡಿಯುವವರ ಬಗ್ಗೆ, ನೀರಿನ ಬಗ್ಗೆ, ಪೇಪರಿನವರು ಹಳ್ಳಿಗಳನ್ನು ಮರೆತಿರುವ ಬಗ್ಗೆ ಭಾಷಣವನ್ನೇ ಬಿಗಿದೆ. ಅವರು ಕನ್ನಡಕ ತೆಗೆದು, ಇಂಥ ವಿದ್ಯಾರ್ಥಿಗಳು ಬೇಕು ಎಂದರು. ಪಾಪ, ಒಳ್ಳೆಯ ಹೆಂಗಸು. ಹೊರಗೆ ಬಂದವಳು ಯಾರಿಗೆ ಹೇಳಿಕೊಂಡು ನಗಲಿ?

ಅವ್ವನಿಗೆ ಮಾತ್ರ ಸಿಟ್ಟು ಬಂತು. ಮಗಳು ಟಿವಿಯಲ್ಲಿ ಕಾಣುತ್ತಾಳೆಂದು ಓಣಿಗೆಲ್ಲ ಹೇಳಿಕೊಂಡಿದ್ದಳು.

"ಕ್ಯಾಮೆರಾ ಬಿಟ್ಟು ಹಳ್ಳಿ ಯಾಕ ಬೇಕಾತವ್ವ ನಿನಗ? ಹಳ್ಳಿ ಇಲ್ಲೇ ಇತ್ತಲ್ಲ!"

"ಕಲಿಯಾಕ ಭಾಳ ಅದ ಬೇ ಅದರಾಗ" ಎಂದೆ. ನಿನ್ನ ಹಾಗೆ ಮಾತಾಡುವವರ ದನಿ ಕೇಳುವ ಆಸೆಗೆ ಎಂದು ಹೇಗೆ ಹೇಳಲಿ? ಹೇಳಿದ್ದರೆ ಅಂದೇ ಅಪ್ಪನನ್ನು ಕಳಿಸಿ ನನ್ನನ್ನು ಊರಿಗೆ ಕರೆಸಿಕೊಳ್ಳುತ್ತಿದ್ದಳು.

ಇಂದಾಪುರ ಆರಿಸಿದವಳು ನಾನೊಬ್ಬಳೇ. ಕಾಲೇಜಿನವರು ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಕೋಣೆ ಗೊತ್ತು ಮಾಡಿದ್ದರು. ಚೀಲ ಇಟ್ಟು, ಮುಖ ತೊಳೆದು, ನೆಟ್ಟಗೆ ಸ್ಟ್ಯಾಂಡಿಗೆ ನಡೆದೆ. ನಿಮ್ಮದು ಯಾವೂರ್ರಿ, ನಮ್ಮ ಕಡೆ ಮಳಿ ಹೆಂಗದರಿ, ಹೀಗೆ ಕೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಬಸ್ಸು ಬಂತು. ವಿಜಯಪುರ ಎಂದು ಕನ್ನಡದಲ್ಲಿ ಬರೆದಿತ್ತು. ಕಂಡಕ್ಟರು ಇಳಿದು ಚಹಾ ತೆಗೆದುಕೊಂಡು ನನ್ನ ಪಕ್ಕಕ್ಕೇ ಬಂದು ನಿಂತರು. ನಾನು ಬಾಯಿ ತೆರೆದೆ.

"ದಾದಾ, ಗಾಡಿ ಕಧೀ ಸುಟಣಾರ?"

ಮರಾಠಿ! ಗಾಡಿ ಯಾವಾಗ ಬಿಡುತ್ತದೆ ಎಂದು ಅಪ್ಪಟ ಪುಣೆಯವಳ ಹಾಗೆ ಕೇಳಿದ್ದೆ. ವರ್ಷವಿಡೀ ಹೊರಗೆ ಯಾರು ಕಂಡರೂ ಹಾಗೇ ಶುರು ಮಾಡಿದ ಬಾಯಿ, ನನ್ನನ್ನು ಕೇಳಲಿಲ್ಲ. ಅವರೂ ಅಷ್ಟೇ ಸಲೀಸಾಗಿ ಮರಾಠಿಯಲ್ಲಿ, ಇದೋ ಈಗಲೇ, ಎಂದರು. ಲೋಟ ಇಟ್ಟು ಡ್ರೈವರ್ ಕಡೆ ತಿರುಗಿ, "ಏಳ್ರಿ, ಹೋಗೂಣು, ಭಾಳ ತಡಾ ಆತು" ಎಂದು ಕೂಗಿದರು. ಎಷ್ಟು ಹತ್ತಿರದ ಮಾತು! ನಾನೂ ಕನ್ನಡದಾಕಿನ್ರೀ ಎಂದು ಆಗಲಾದರೂ ಹೇಳಬಹುದಿತ್ತು. ಈಗ ಹೇಳಿದರೆ ಹುಚ್ಚಿ ಅಂದುಕೊಂಡಾರೆಂದು ನಾಚಿಕೆ ಬಂತು.

ಬಸ್ಸು ಹಿಂದೆ ಸರಿಯತೊಡಗಿದಾಗ ಕಂಡಕ್ಟರು ಬಾಗಿಲಲ್ಲಿ ನಿಂತು ನನ್ನತ್ತ ಕೈ ಬೀಸಿದರು. "ಬಾಜೂಲಾ ವ್ಹಾ, ತಾಈ." ಪಕ್ಕಕ್ಕೆ ಸರಿಯಮ್ಮ ಎಂದು, ಮರಾಠಿಯಲ್ಲೇ. ಸರಿದು ನಿಂತೆ. ಬಸ್ಸು ಸೊಲ್ಲಾಪುರದ ಕಡೆಗೆ ತಿರುಗಿತು. ಪುಣೆಯಲ್ಲಿ ಒಂದು ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ತಿಂಗಳು ಆಗಷ್ಟೇ ಶುರುವಾಗಿತ್ತು.